ಕೇಳಿದವಳ ದನಿ

ತರಬೇತಿಯಲ್ಲಿ ಹೇಳಿಕೊಟ್ಟಿದ್ದರು:
ಸೆಕೆಂಡಿಗೊಂದು ಪದ. ಏರಿಳಿತ ಬೇಡ. ಸುಳಿವು ಬೇಡ.
ಮುಖ ಗೋಡೆಯ ಹಾಗಿರಲಿ, ಸುಣ್ಣ ಹೊಡೆದ ಗೋಡೆಯ ಹಾಗೆ.
ನಾನು ಗೋಡೆಯಾಗಲಾರದೆ ಬೆಣ್ಣೆಯಾದೆ.

ಹಾಸನದ ದೊಡ್ಡಾಸ್ಪತ್ರೆ, ಎಕ್ಸ್‌ರೇ ಎದುರಿನ ಕೋಣೆ,
ಮಂಗಳವಾರ ಹನ್ನೊಂದೂಕಾಲು.
ಎದುರಿಗೆ ತಿಮ್ಮಾಜಮ್ಮ, ಎಪ್ಪತ್ತಾರು.
ಪಕ್ಕದಲ್ಲಿ ಸೊಸೆ: "ಒಲೆ ಮೇಲೆ ಹಾಲಿಟ್ಟು ಮರೀತಾರೆ ಮೇಡಂ,
ವಾರಕ್ಕೆ ಎರಡು ಸಲ."

"ಅಜ್ಜೀ... ಐದೇ ಐದು ಪದ ಹೇಳ್ತೀನಂತೆ, ಆಯ್ತಾ?
ನೀವು ಜಾಣೆ ಅಲ್ವಾ? ಚೆನ್ನಾಗಿ ಕೇಳಿಸ್ಕೋಬೇಕು, ಹಾಂ?"
ಅಂಗನವಾಡಿಯ ಬಾಗಿಲಲ್ಲಿ ಅಳುವ ಕೂಸಿಗೆ
ಬಲೂನು ತೋರಿಸುವ ದನಿ. ಎಲ್ಲಿ ಕಲಿತೆನೋ.
ಕೊಡೆ. ಬೀಗ. ಬೆಲ್ಲ. ಕಂಬಳಿ. ನವಿಲು.
ಐದಕ್ಕೂ ಸಕ್ಕರೆ ಸವರಿ ಕೊಟ್ಟೆ.

ಆಕೆ ಸೆರಗು ಸರಿಮಾಡಿಕೊಂಡು
ಕಾಲು ಕುರ್ಚಿಯಡಿ ಎಳೆದುಕೊಂಡು
ನೋಡನೋಡುತ್ತ ಚಿಕ್ಕದಾದಳು.
ಐದು ನಿಮಿಷ ಬಿಟ್ಟು ಕೇಳಿದರೆ "ಬೆಲ್ಲ" ಅಂದಳು,
ನನ್ನ ಮುಖ ನೋಡಿದಳು,
ಸರಿಯೋ ತಪ್ಪೋ ಅಲ್ಲಿ ಬರೆದಿರುವ ಹಾಗೆ.
"ಪರವಾಗಿಲ್ಲ ಬಿಡಿ ಅಜ್ಜಿ, ಪರವಾಗಿಲ್ಲ."
ಈ ಮಾತಿಗೆ ಎಷ್ಟು ಅಂಕ ಕಳೆಯಬೇಕೆಂದು ಹಾಳೆಯಲ್ಲಿ ಹೇಳಿಲ್ಲ.
ಆಮೇಲೆ ಕೇಳಿದ್ದಕ್ಕೆಲ್ಲ ಒಂದೇ ಉತ್ತರ:
"ನಂಗೇನ್ ತಿಳ್ದಾತು ತಾಯಿ, ನೀವೇ ಬರ್ಕಳಿ."

ಕರೆಂಟು ಹೋಯಿತು.
ಯುಪಿಎಸ್ಸು ಕೀ ಕೀ ಎಂದು ಪ್ರಾಣ ತಿನ್ನತೊಡಗಿ
ಬಾಗಿಲಿಗೆ ಹೋಗಿ ಕೂಗಿಕೊಂಡೆ:
"ಏ ಸೋಮಾ, ಎಲ್ ಹಾಳಾಗೋದ್ಯೋ,
ಬಂದ್ ಇದ್ರ ಬಾಯ್ ಮುಚ್ಸೋ ಮಾರಾಯ!"

ಬೆನ್ನ ಹಿಂದೆ ಕುರ್ಚಿ ಕಿರುಗುಟ್ಟಿತು.
"ಯಾವೂರ್ ಕಡೇವ್ಳವ್ವ ನೀನು?"
"ಅರಕಲಗೂಡು. ದೊಡ್ಡಮಗ್ಗೆ."
"ಅಂಗನ್ನು ಮತ್ತೆ!
ದೊಡ್ಡಮಗ್ಗೆ ಕೆಂಚೇಗೌಡ. ನಲವತ್ತೆರಡು ಮೂಟೆ.
ಮೂರು ಕೊಳ್ತಿದ್ವು. ತಳಕ್ಕಾಕ್ಕೊಂಡ್ ತಂದಿದ್ದ, ಕಳ್ ನನ್ಮಗ."

ಆಲೂಗಡ್ಡೆ ಮಂಡಿಯಲ್ಲಿ ಮೂವತ್ತು ವರ್ಷ
ತಕ್ಕಡಿ ಪಕ್ಕ ನಿಂತು ಮೂಟೆ ಎಣಿಸಿದವಳಂತೆ.
ದಲ್ಲಾಳಿಗಳ ಕೂಗು, ಲಾರಿ ಹಾರನ್ನು, ಹಮಾಲರ ಜಗಳ,
ಅಷ್ಟರ ನಡುವೆ ಒಂದು ಮೂಟೆ ಲೆಕ್ಕ ತಪ್ಪಿಲ್ಲವಂತೆ.
ಅಕ್ಷರ ಬಾರದು. ಬೇಕೂ ಇರಲಿಲ್ಲ.
"ಬರ್ಕೊಂಡೋರ್ಗೆ ಮರ್ತೋಯ್ತದೆ," ಎಂದಳು,
ನನ್ನ ಪೆನ್ನು ನೋಡುತ್ತ.

"ಈಗ್ ಕೇಳು."
ಕೇಳಿದೆ. ಅಮ್ಮನನ್ನು ಉಪ್ಪಿನ ಡಬ್ಬಿ ಎಲ್ಲಿ ಎಂದು ಕೇಳುವ ಹಾಗೆ:
"ಆವಾಗ ಏನೇನ್ ಹೇಳಿದ್ದೆ?"
ಬೆರಳು ಮಡಚುತ್ತ, ಮೇಜಿನ ಮೇಲೆ ಒಂದೊಂದೇ ಇಳಿಸುತ್ತ,
"ಕೊಡೆ, ಒಂದು. ಬೀಗ, ಎಲ್ಡು. ಬೆಲ್ಲ. ಕಂಬ್ಳಿ, ನಾಕು.
ಇನ್ನೊಂದೈತೆ..."
ಕಿರುಬೆರಳು ಹಾಗೇ ನಿಂತಿತು, ಸ್ವಲ್ಪ ಹೊತ್ತು.
"ಅದು ಬತ್ತಿಲ್ಲ ಕಣವ್ವ. ಅದ್ನ ನೀನು ಮೂಗಲ್ಲಿ ಏಳ್ದೆ."

ಇರಬಹುದು. ಇಲ್ಲದೆಯೂ ಇರಬಹುದು.
ಹಾಲು ಉಕ್ಕುವುದೂ ನಿಜ, ಸೊಸೆ ಸುಳ್ಳು ಹೇಳುವವಳಲ್ಲ.
ನವಿಲು ಎಲ್ಲಿ ತಪ್ಪಿಸಿಕೊಂಡಿತು,
ನನ್ನ ಗಂಟಲಿಂದ ಅವಳ ಕಿವಿಗೆ ಹೋಗುವ ದಾರಿಯಲ್ಲೋ
ಕಿವಿ ದಾಟಿ ಒಳಗೋ,
ಹೇಳುವ ಯಂತ್ರ ಎದುರು ಕೋಣೆಯಲ್ಲೂ ಇಲ್ಲ.

ನಿಯಮದಂತೆ ಎರಡನೆಯ ಸಲದ್ದು ಲೆಕ್ಕಕ್ಕಿಲ್ಲ.
ಐದಕ್ಕೆ ಒಂದು ಎಂದು ಬರೆದೆ.
ವಯಸ್ಸು, ಓದು, ಕನ್ನಡಕ ಉಂಟೇ, ಕಿವಿ ಕೇಳುವುದೇ,
ಎಲ್ಲಕ್ಕೂ ಚೌಕವಿದೆ. ಕೇಳಿದವಳ ಬಾಯಿಗೆ ಚೌಕವಿಲ್ಲ.
ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ, ಸಣ್ಣಗೆ:
ಬೆಣ್ಣೆ ದನಿಗೆ ಒಂದು. ಬಾಗಿಲ ದನಿಗೆ ನಾಲ್ಕು.
ಹದಿನೈದು ದಿನ ಬಿಟ್ಟು ಕರೆಸಿ. ಬೇರೆ ಪದ. 'ಅಜ್ಜಿ' ಬೇಡ.

ಸೊಸೆ ಚಪ್ಪಲಿ ಹುಡುಕುವಾಗ
ಆಕೆ ಹೊಸ್ತಿಲಲ್ಲಿ ನಿಂತು ತಿರುಗಿದಳು:
"ಕೆಂಚೇಗೌಡನ್ ಮೊಮ್ಮಗ್ಳಾ ನೀನು?"
ಅಲ್ಲ, ಅಂದೆ.
"ಸದ್ಯ," ಅಂದಳು.